ಎಸಳಿನ ಬಣ್ಣ ಕೈಕೊಟ್ಟಾಗ: ತಪ್ಪು ಯಾವ ಪ್ರೋಟೀನಿನದೆಂದು ಪತ್ತೆಹಚ್ಚುವ ಕೈಪಿಡಿ

ಕಡುಕೆಂಪು ಹೂ ಬಿಡಬೇಕಿದ್ದ ಗಿಡ ಮಾಸಲು ಗುಲಾಬಿ ಬಣ್ಣದ ಹೂ ಬಿಟ್ಟರೆ ಅರ್ಧ ಜನ ಗೊಬ್ಬರವನ್ನು ದೂರುತ್ತಾರೆ, ಉಳಿದರ್ಧ ತಳಿಯನ್ನು ದೂರುತ್ತಾರೆ. ಎರಡೂ ನಿಜವಿರಬಹುದು, ಆದರೆ ಎರಡೂ ರೋಗನಿದಾನವಲ್ಲ. ಬಣ್ಣವೆಂಬುದು ಎಸಳಿನ ಜೀವಕೋಶಗಳಲ್ಲಿ ಹತ್ತಾರು ಪ್ರೋಟೀನ್‌ಗಳು ಸರದಿಯ ಮೇಲೆ ಮಾಡುವ ಕೆಲಸದ ಫಲ. ಈ ಪ್ರೋಟೀನ್‌ಗಳಿಗೆ ಸ್ವತಃ ಹೇಳಿಕೊಳ್ಳುವಂಥ ಬಣ್ಣವಿಲ್ಲ. ಕೆಲವು ವರ್ಣದ್ರವ್ಯವನ್ನು ತಯಾರಿಸುತ್ತವೆ, ಕೆಲವು ಅದನ್ನು ಸಾಗಿಸುತ್ತವೆ, ಕೆಲವು ಅದು ಕುಳಿತಿರುವ ದ್ರವದ ಆಮ್ಲೀಯತೆಯನ್ನು ಕಾಯುತ್ತವೆ, ಇನ್ನು ಕೆಲವು ಇವೆಲ್ಲವೂ ಯಾವಾಗ ಎಲ್ಲಿ ಕೆಲಸ ಶುರುಮಾಡಬೇಕೆಂದು ಅಪ್ಪಣೆ ಕೊಡುತ್ತವೆ. ಯಾವ ಗುಂಪು ಕೈಕೊಟ್ಟಿತು ಎಂಬುದಕ್ಕೆ ತಕ್ಕಂತೆ ಎಸಳಿನ ಮೇಲೆ ಕಾಣುವ ದೋಷದ ಚಹರೆಯೂ ಬೇರೆಯಾಗುತ್ತದೆ. ಆದ್ದರಿಂದ ದುಬಾರಿ ಯಂತ್ರಗಳ ಮುಂದೆ ಕೂರುವ ಮೊದಲು ದೋಷದ ಆಕಾರವನ್ನೂ ಅದು ಕಾಣಿಸಿಕೊಂಡ ಸಮಯವನ್ನೂ ಸರಿಯಾಗಿ ಓದಿಕೊಂಡರೆ ಮುಕ್ಕಾಲು ಪಾಲು ಕೆಲಸ ಮುಗಿದಂತೆಯೇ.

ಮೊದಲು ಗಿಡದ ಜಾತಕ

ಪ್ರೋಟೀನಿನ ಮಾತೆತ್ತುವ ಮೊದಲು ಕೆಲವು ಸಾಮಾನ್ಯ ಸಂಗತಿಗಳನ್ನು ಬದಿಗೆ ಸರಿಸಬೇಕು. ಕಸಿ ಕಟ್ಟಿದ ಗುಲಾಬಿಯಲ್ಲಿ ಇದ್ದಕ್ಕಿದ್ದಂತೆ ಬೇರೆ ಬಣ್ಣದ, ಸಾಮಾನ್ಯವಾಗಿ ಸಣ್ಣ ಹೂಗಳು ಬಂದರೆ ಆ ಕೊಂಬೆ ಕಸಿಯ ಗಂಟಿನ ಕೆಳಗಿನಿಂದ ಹೊರಟಿದೆಯೇ ಎಂದು ಮಣ್ಣು ಸರಿಸಿ ನೋಡಿ. ಹಾಗಿದ್ದರೆ ಅದು ಬುಡದ ಗಿಡದ ಚಿಗುರು. ನಿಮ್ಮ ತಳಿಗೆ ಏನೂ ಆಗಿಲ್ಲ, ಚಿಗುರನ್ನು ಬುಡಸಮೇತ ತೆಗೆದರೆ ಸಾಕು. ಮಿಶ್ರತಳಿಯ ಹೂವಿನಿಂದ ಬೀಜ ಹಿಡಿದು ಬಿತ್ತಿದ್ದರೆ ಮುಂದಿನ ಪೀಳಿಗೆಯಲ್ಲಿ ಬಣ್ಣಗಳು ಚೆದುರುವುದು ವಂಶವಾಹಿಗಳ ಸಹಜ ವಿಂಗಡಣೆಯೇ ಹೊರತು ದೋಷವಲ್ಲ.

ಇನ್ನೊಂದು ಸಂಗತಿಯನ್ನು ಅನುಭವಿಗಳೂ ಮರೆಯುತ್ತಾರೆ. ಪೆಟೂನಿಯದಂಥ ಹೂಗಳಲ್ಲಿ ವರ್ಣದ್ರವ್ಯದ ತಯಾರಿಕೆ ಬಹುಪಾಲು ಮೊಗ್ಗಿನೊಳಗೇ ನಡೆದು, ಹೂ ಅರಳುವ ಹೊತ್ತಿಗೆ ಅದನ್ನು ಮಾಡುವ ಕಿಣ್ವಗಳು (ರಾಸಾಯನಿಕ ಕ್ರಿಯೆ ನಡೆಸುವ ಪ್ರೋಟೀನ್‌ಗಳು) ಅಂಗಡಿ ಮುಚ್ಚಿರುತ್ತವೆ. ಇಂದು ಅರಳಿದ ಪೇಲವ ಹೂ ಹೇಳುತ್ತಿರುವುದು ಕೆಲವು ದಿನಗಳ ಹಿಂದಿನ ಕಥೆಯನ್ನು. ನಿನ್ನೆ ಹಾಕಿದ ಗೊಬ್ಬರದಿಂದ ಇಂದಿನ ಹೂ ಕೆಟ್ಟಿತೆನ್ನುವುದೂ, ನಿನ್ನೆ ಮಾಡಿದ ಪರಿಹಾರ ಇಂದಿನ ಹೂವಿನಲ್ಲಿ ಕಾಣಲಿಲ್ಲವೆಂದು ನಿರಾಶರಾಗುವುದೂ ಒಂದೇ ಬಗೆಯ ತಪ್ಪು. ಬೇರೆ ಬೇರೆ ವಯಸ್ಸಿನ ಮೊಗ್ಗುಗಳಿಗೆ ದಾರ ಕಟ್ಟಿ ದಿನಾಂಕ ಬರೆದಿಡುವುದು ಸಣ್ಣ ಕೆಲಸವಾದರೂ ಮುಂದಿನ ಎಲ್ಲ ತೀರ್ಮಾನಗಳಿಗೆ ಅದೇ ಆಧಾರವಾಗುತ್ತದೆ.

ಎಸಳಿನಲ್ಲಿರುವುದು ಯಾವ ವರ್ಣದ್ರವ್ಯ?

ಹೂಗಳ ಬಣ್ಣವನ್ನು ಮುಖ್ಯವಾಗಿ ಮೂರು ಕುಟುಂಬಗಳ ವರ್ಣದ್ರವ್ಯಗಳು ನಿರ್ಧರಿಸುತ್ತವೆ. ಕಿತ್ತಳೆ, ಕೆಂಪು, ನೇರಳೆ, ನೀಲಿಗಳನ್ನು ಕೊಡುವ ಆಂಥೋಸಯನಿನ್‌ಗಳು ಫ್ಲೇವನಾಯ್ಡ್ ಬಳಗಕ್ಕೆ ಸೇರಿದವು. ಅವು ಜೀವಕೋಶದ ರಸದಾನಿಯಲ್ಲಿ, ಅಂದರೆ ಕೋಶದೊಳಗಿನ ರಸ ತುಂಬಿದ ಚೀಲದಲ್ಲಿ, ಕರಗಿರುತ್ತವೆ. ಹಳದಿ ಮತ್ತು ಕಿತ್ತಳೆಯ ಕೆರೋಟಿನಾಯ್ಡ್‌ಗಳು ಕ್ರೋಮೋಪ್ಲಾಸ್ಟ್ ಎಂಬ ಕೋಶದೊಳಗಿನ ಬಣ್ಣದ ಕಣಗಳಲ್ಲಿ ಎಣ್ಣೆಯಂಥ ರೂಪದಲ್ಲಿ ಇರುತ್ತವೆ. ಮೂರನೆಯದಾದ ಬೀಟಾಲೈನ್‌ಗಳು ಕಾಗದದ ಹೂ, ಕೋಳಿಜುಟ್ಟಿನ ಹೂ, ಸಂಜೆಮಲ್ಲಿಗೆಗಳ ಸಸ್ಯಗಣಕ್ಕೆ ಮಾತ್ರ ಸೀಮಿತ. ಆಂಥೋಸಯನಿನ್ ಮತ್ತು ಬೀಟಾಲೈನ್‌ಗಳು ಒಂದೇ ಸಹಜ ಗಿಡದಲ್ಲಿ ಒಟ್ಟಿಗೆ ಕಂಡುಬಂದಿಲ್ಲ, ಆದ್ದರಿಂದ ಗಿಡದ ಜಾತಿ ಗೊತ್ತಿದ್ದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಉಳಿದರ್ಧಕ್ಕೆ ಸರಳ ಪರೀಕ್ಷೆಗಳಿವೆ. ಎಸಳನ್ನು ಸ್ವಲ್ಪ ನೀರಿನಲ್ಲಿ ಅರೆದು ಸೋಸಿ. ಬಣ್ಣ ನೀರಿಗೆ ಇಳಿಯದೆ ಚರಟದಲ್ಲೇ ಉಳಿದು ಅಸಿಟೋನಿನಲ್ಲಿ ಸುಲಭವಾಗಿ ಕರಗಿದರೆ ಅದು ಕೆರೋಟಿನಾಯ್ಡ್. ನೀರಿಗೆ ಇಳಿದ ಕೆಂಪು ದ್ರಾವಣಕ್ಕೆ ಆಮ್ಲ ಹಾಕಿದಾಗ ಕೆಂಪು ಗಾಢವಾಗಿ, ಕ್ಷಾರ ಹಾಕಿದಾಗ ನೀಲಿಗೋ ಹಸಿರಿಗೋ ತಿರುಗಿದರೆ ಅದು ಆಂಥೋಸಯನಿನ್. ಕ್ಷಾರದಲ್ಲಿ ಕೆಂಪು ಹೋಗಿ ಹಳದಿಯಾದರೆ, ಮತ್ತು ಆಮ್ಲದೊಡನೆ ಕೆಲವು ನಿಮಿಷ ಕುದಿಸಿದಾಗ ಬಣ್ಣವೇ ಅಳಿಸಿಹೋದರೆ ಅದು ಬೀಟಾಲೈನ್ ಎನ್ನಬಹುದು. ಆಂಥೋಸಯನಿನ್ ಆಮ್ಲದಲ್ಲಿ ಅಷ್ಟು ಕಾಯಿಸಿದರೂ ಕೆಂಪನ್ನು ಉಳಿಸಿಕೊಳ್ಳುತ್ತದೆ. ಕಿತ್ತಳೆ ಮತ್ತು ಕಂದು ಬಣ್ಣದ ಎಸಳುಗಳಲ್ಲಿ ಎಚ್ಚರ ಬೇಕು, ಏಕೆಂದರೆ ಅಲ್ಲಿ ಹಳದಿ ಕೆರೋಟಿನಾಯ್ಡಿನ ಮೇಲೆ ಕೆಂಪು ಆಂಥೋಸಯನಿನ್ ಕುಳಿತಿರುವ ಸಾಧ್ಯತೆ ಹೆಚ್ಚು. ಒಂದು ಪದರ ಕಳಚಿದಾಗ ಕೆಳಗಿನದು ಹೊರಬಿದ್ದು, ಹೊಸ ಬಣ್ಣ ಬಂತೆಂಬ ಭ್ರಮೆ ಹುಟ್ಟಿಸುತ್ತದೆ.

ಪೂರ್ತಿ ಬಿಳಿಯಾದ ಎಸಳು

ಆಂಥೋಸಯನಿನ್ ಇರಬೇಕಿದ್ದ ಹೂ ಅಚ್ಚಬಿಳಿಯಾಗಿ ಬಂದರೆ ತಯಾರಿಕೆಯ ಸರಪಳಿ ಎಲ್ಲೋ ತುಂಡಾಗಿದೆ. ಆ ಸರಪಳಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಹುಡುಕಾಟ ಸುಲಭ. ಫಿನೈಲ್ ಅಲನಿನ್ ಎಂಬ ಅಮೈನೊ ಆಮ್ಲದಿಂದ ಹೊರಟ ಕಚ್ಚಾವಸ್ತುವನ್ನು ಚಾಲ್ಕೋನ್ ಸಿಂಥೇಸ್ ಎಂಬ ಕಿಣ್ವವು ಚಾಲ್ಕೋನ್ ಆಗಿಸುತ್ತದೆ; ಫ್ಲೇವನಾಯ್ಡ್ ದಾರಿಯ ಹೆಬ್ಬಾಗಿಲು ಅದೇ. ಚಾಲ್ಕೋನ್ ಐಸೊಮರೇಸ್ ಅದನ್ನು ನರಿಂಜೆನಿನ್ ಎಂಬ ಫ್ಲೇವನೋನ್ ಆಗಿ ಬಾಗಿಸುತ್ತದೆ. ಫ್ಲೇವನೋನ್ 3-ಹೈಡ್ರಾಕ್ಸಿಲೇಸ್ ಅದರಿಂದ ಡೈಹೈಡ್ರೊಫ್ಲೇವನಾಲ್ ಮಾಡುತ್ತದೆ. ಇಲ್ಲಿ ದಾರಿ ಕವಲೊಡೆಯುತ್ತದೆ: ಫ್ಲೇವನಾಲ್ ಸಿಂಥೇಸ್ ಅದನ್ನು ಬಣ್ಣವಿಲ್ಲದ ಫ್ಲೇವನಾಲ್ ಕಡೆಗೆ ಎಳೆದರೆ, ಡೈಹೈಡ್ರೊಫ್ಲೇವನಾಲ್ ರಿಡಕ್ಟೇಸ್ ಬಣ್ಣದ ಕಡೆಗೆ ಎಳೆಯುತ್ತದೆ. ಮುಂದೆ ಆಂಥೋಸಯನಿಡಿನ್ ಸಿಂಥೇಸ್ ಬಣ್ಣವನ್ನು ಹುಟ್ಟಿಸಿ, ಗ್ಲೈಕೊಸಿಲ್ ಟ್ರಾನ್ಸ್‌ಫರೇಸ್ ಅದಕ್ಕೆ ಸಕ್ಕರೆಯ ಅಣುವನ್ನು ಅಂಟಿಸಿ ಗಟ್ಟಿಗೊಳಿಸುತ್ತದೆ.

ತುಂಡಾದದ್ದು ಕವಲಿಗೆ ಮೊದಲೋ ಆಮೇಲೋ ಎಂದು ತಿಳಿಯಲು ಒಂದು ಹಳೆಯ ಪರೀಕ್ಷೆ ಇದೆ. ನನಗೆ ಅದರ ಮೇಲೆ ಇಂದಿಗೂ ತುಂಬ ವಿಶ್ವಾಸ. ಗಾಜಿನ ಜಾಡಿಯ ತಳದಲ್ಲಿ ಸಾಂದ್ರ ಅಮೋನಿಯಾ ದ್ರಾವಣದ ಕೆಲವು ಹನಿಗಳನ್ನು ಹತ್ತಿಯ ಮೇಲೆ ಹಾಕಿ, ಬಿಳಿ ಎಸಳನ್ನು ದಾರದಿಂದ ಅದರ ಮೇಲೆ ತೂಗುಬಿಟ್ಟು ಮುಚ್ಚಳ ಮುಚ್ಚಿ. ಎಸಳಿನಲ್ಲಿ ಫ್ಲೇವನಾಲ್ ಅಥವಾ ಅದೇ ಬಳಗದ ಫ್ಲೇವೋನ್ ಇದ್ದರೆ ಕೆಲವೇ ನಿಮಿಷಗಳಲ್ಲಿ ಅಂಚುಗಳಿಗೆ ತಿಳಿಹಳದಿ ಏರುತ್ತದೆ, ಆಮೇಲೆ ಅದು ಒಳಗೆ ಹಬ್ಬಿ ಇಡೀ ಎಸಳು ಹಳದಿಯಾಗುತ್ತದೆ, ಗಾಳಿಗೆ ತಂದಿಟ್ಟರೆ ಮೆಲ್ಲಗೆ ಮತ್ತೆ ಬೆಳ್ಳಗಾಗುತ್ತದೆ. ಕ್ಷಾರದ ಆವಿಯಲ್ಲಿ ಈ ಅಣುಗಳು ಪ್ರೋಟಾನ್ ಕಳೆದುಕೊಂಡು, ಅದುವರೆಗೆ ಅತಿನೇರಳೆಯನ್ನು ಮಾತ್ರ ಹೀರುತ್ತಿದ್ದವು ನೀಲಿ ಬೆಳಕನ್ನೂ ಹೀರತೊಡಗುವುದೇ ಇದಕ್ಕೆ ಕಾರಣ. ಹೀಗೆ ಹಳದಿಯಾದ ಎಸಳಿನಲ್ಲಿ ಚಾಲ್ಕೋನ್ ಸಿಂಥೇಸ್ ಕೆಲಸ ಮಾಡುತ್ತಿದೆ, ದೋಷ ಅದಕ್ಕಿಂತ ಕೆಳಗಿದೆ. ಎಷ್ಟು ಹೊತ್ತಿಟ್ಟರೂ ಬೆಳ್ಳಗೇ ಉಳಿದರೆ ಹೆಬ್ಬಾಗಿಲೋ ಅದಕ್ಕೂ ಹಿಂದಿನದೋ ಮುಚ್ಚಿದೆ ಎಂದು ಶಂಕಿಸಬೇಕು. ಹೋಲಿಕೆಗೆ ಹಳದಿಯಾಗುತ್ತದೆಂದು ಗೊತ್ತಿರುವ ಇನ್ನೊಂದು ಬಿಳಿ ಎಸಳನ್ನು ಜೊತೆಯಲ್ಲೇ ತೂಗುಬಿಡುವುದನ್ನು ಮರೆಯಬಾರದು. ಕೆಲಸ ಗಾಳಿಯಾಡುವ ಜಾಗದಲ್ಲಿ ನಡೆಯಲಿ, ಮತ್ತು ಅಮೋನಿಯಾದ ಹತ್ತಿರ ಬ್ಲೀಚ್ ಸುಳಿಯದಿರಲಿ. ಅವೆರಡು ಕೂಡಿದರೆ ವಿಷಾನಿಲ ಹುಟ್ಟುತ್ತದೆ.

ಮುಂದಿನ ಹೆಜ್ಜೆ ಎಸಳಿಗೆ ಊಡಿ ನೋಡುವುದು. ಅರಳುವ ಮೊದಲಿನ ಹಂತದ ಎಸಳನ್ನು ಕತ್ತರಿಸಿ, ಒಂದು ತುಂಡನ್ನು ಬರಿಯ ಸಕ್ಕರೆ ದ್ರಾವಣದ ಮೇಲೂ ಇನ್ನೊಂದನ್ನು ನರಿಂಜೆನಿನ್ ಬೆರೆಸಿದ ದ್ರಾವಣದ ಮೇಲೂ ತೇಲಬಿಡಿ. ಎರಡನೆಯದು ಮಾತ್ರ ಬಣ್ಣಕ್ಕೆ ತಿರುಗಿದರೆ ಕೆಳಗಿನ ಎಲ್ಲ ಕಿಣ್ವಗಳೂ ನೆಟ್ಟಗಿವೆ, ಕಚ್ಚಾವಸ್ತು ಬರುತ್ತಿರಲಿಲ್ಲ ಅಷ್ಟೆ. ಆಗ ಚಾಲ್ಕೋನ್ ಸಿಂಥೇಸನ್ನೋ ಅದರ ಹಿಂದಿನವರನ್ನೋ ಹಿಡಿಯಬೇಕು. ನರಿಂಜೆನಿನ್‌ಗೆ ಬಾರದ ಬಣ್ಣ ಡೈಹೈಡ್ರೊಫ್ಲೇವನಾಲ್‌ಗಳಲ್ಲೊಂದಾದ ಡೈಹೈಡ್ರೊಕ್ವರ್ಸೆಟಿನ್‌ಗೆ ಬಂದರೆ ತಪ್ಪು ಇವೆರಡರ ನಡುವಿನದು. ಎರಡಕ್ಕೂ ಬಾರದಿದ್ದರೆ ದೃಷ್ಟಿಯನ್ನು ಡೈಹೈಡ್ರೊಫ್ಲೇವನಾಲ್ ರಿಡಕ್ಟೇಸಿನ ಕಡೆಗೂ ಅದರಿಂದಾಚೆಗೂ ಹೊರಳಿಸಬೇಕು.

ಆದರೆ ಅಲ್ಲಿ ಒಂದೇ ಕಿಣ್ವ ಕೆಟ್ಟಿದೆಯೋ, ಅವಕ್ಕೆಲ್ಲ ಅಪ್ಪಣೆ ಕೊಡುವ ಯಜಮಾನನೇ ಕೆಟ್ಟಿದ್ದಾನೋ ಎಂಬುದು ಬೇರೆ ಪ್ರಶ್ನೆ. ಈ ಯಜಮಾನಿಕೆ ಮೂರು ಪ್ರೋಟೀನ್‌ಗಳ ಒಂದು ಕೂಟದ್ದು: ಎಂವೈಬಿ, ಬಿಎಚ್‌ಎಲ್‌ಎಚ್ ಮತ್ತು ಡಬ್ಲ್ಯುಡಿ40 ಎಂಬ ಮೂರು ಬಗೆಯವು ಒಟ್ಟುಗೂಡಿ ವಂಶವಾಹಿಯ ಮುಂಭಾಗದಲ್ಲಿ ಕುಳಿತು ಅದನ್ನು ಚಾಲೂ ಮಾಡುತ್ತವೆ. ಪೆಟೂನಿಯದಲ್ಲಿ ಇವುಗಳಿಗೆ ಕ್ರಮವಾಗಿ ಎಎನ್2, ಎಎನ್1, ಎಎನ್11 ಎಂಬ ಹೆಸರುಗಳಿವೆ. ಅಲ್ಲಿ ಈ ಕೂಟ ಸರಪಳಿಯ ಕೊನೆಯ ಭಾಗವನ್ನು ಮುಖ್ಯವಾಗಿ ಆಳುತ್ತದೆ, ಆರಂಭದ ಭಾಗವನ್ನು ಅಲ್ಲ. ಹಾಗಾಗಿ ಕೂಟ ಮುರಿದ ಎಸಳೂ ಅಮೋನಿಯಾದಲ್ಲಿ ಹಳದಿಯಾಗುತ್ತದೆ. ವ್ಯತ್ಯಾಸ ತಿಳಿಯಬೇಕಾದರೆ ಎಸಳಿನಾಚೆ ನೋಡಬೇಕು. ಎಎನ್1 ಅಥವಾ ಎಎನ್11 ಕೆಟ್ಟ ಪೆಟೂನಿಯದಲ್ಲಿ ಎಸಳಿನ ಜೊತೆಗೆ ಪರಾಗಕೋಶವೂ ಬಣ್ಣಗೆಡುತ್ತದೆ, ಬೀಜದ ಸಿಪ್ಪೆಯ ಮೇಲೂ ಪರಿಣಾಮವಾಗುತ್ತದೆ. ಎಎನ್2 ಕೆಟ್ಟರೆ ಹೂವಿನ ಅಗಲಿಸಿದ ಭಾಗ ಮಾತ್ರ ಪೇಲವಗೊಂಡು ಪರಾಗಕೋಶ ತನ್ನ ಪಾಡಿಗೆ ಬಣ್ಣದಿಂದಿರುತ್ತದೆ. ಒಂದು ಕೈಮಸೂರ ಮತ್ತು ಎರಡು ನಿಮಿಷದ ತಾಳ್ಮೆ ಇದ್ದರೆ ಸಿಗುವ ಈ ಸುಳಿವನ್ನು ಬಿಟ್ಟು ನೇರವಾಗಿ ವಂಶವಾಹಿಯ ಅಕ್ಷರಗಳನ್ನು ಓದಿಸಲು ಕಳಿಸುವವರನ್ನು ಕಂಡರೆ ನನಗೆ ಆಶ್ಚರ್ಯವಾಗುತ್ತದೆ.

ಬಿಳಿಯಲ್ಲ, ಆದರೆ ಪೇಲವ

ಪೇಲವತನವನ್ನು ಎರಡಾಗಿ ಬಿಡಿಸಿಕೊಳ್ಳಬೇಕು. ಅದು ಯಾವ ಋತುವಿನಲ್ಲೂ ಯಾವ ಗಿಡದಲ್ಲೂ ಒಂದೇ ತೆರನಾಗಿದ್ದರೆ ಅದು ವಂಶವಾಹಿಯದು. ಅಲ್ಲಿ ಸುಲಭವಾಗಿ ತಪ್ಪಿಸಿಕೊಳ್ಳುವ ಅಪರಾಧಿಯೆಂದರೆ ಸಾಗಣೆಯ ಪ್ರೋಟೀನ್. ಆಂಥೋಸಯನಿನ್ ತಯಾರಾಗುವುದು ರಸದಾನಿಯ ಹೊರಗೆ. ಅದನ್ನು ಒಳಗೆ ಮುಟ್ಟಿಸಲು ಗ್ಲುಟಾಥಯೋನ್ ಎಸ್-ಟ್ರಾನ್ಸ್‌ಫರೇಸ್ ಬಗೆಯ ಪ್ರೋಟೀನ್ ಬೇಕು. ಪೆಟೂನಿಯದ ಎಎನ್9 ಈ ಬಗೆಯದು. ಅದು ಇಲ್ಲದಿದ್ದರೆ ತಯಾರಿಕೆಯ ಕಿಣ್ವಗಳೆಲ್ಲ ದುಡಿಯುತ್ತಿದ್ದರೂ ಮಾಲು ಗೋದಾಮು ಸೇರದೆ ಎಸಳು ತೀರಾ ತೆಳುವಾಗಿ ಕಾಣುತ್ತದೆ. ಎಲ್ಲ ಕಿಣ್ವಗಳ ಅಳತೆ ಸರಿಯಾಗಿದ್ದೂ ಬಣ್ಣವಿಲ್ಲದಿದ್ದರೆ ಮೊದಲು ಇದನ್ನು ನೆನೆಯಿರಿ.

ಪೇಲವತನ ವಾರದಿಂದ ವಾರಕ್ಕೆ ಏರಿಳಿಯುತ್ತಿದ್ದರೆ ಅದು ಪರಿಸರದ್ದು, ಮತ್ತು ಬಹಳಷ್ಟು ಸಲ ಸೆಕೆಯದು. ತಾಪ ಹೆಚ್ಚಿದಾಗ ಗುಲಾಬಿ, ಸೇವಂತಿಗೆ, ಪೆಟೂನಿಯಗಳಲ್ಲಿ ಆಂಥೋಸಯನಿನ್ ದಾರಿಯ ವಂಶವಾಹಿಗಳ ಚಟುವಟಿಕೆ ತಗ್ಗುತ್ತದೆ, ತಯಾರಾದದ್ದೂ ಬೇಗ ಒಡೆಯುತ್ತದೆ. ಇದರಲ್ಲಿ ನಾನೇ ಮುಗ್ಗರಿಸಿದ್ದಿದೆ. ಹಸಿರುಮನೆಯೊಂದರಲ್ಲಿ ನೇರಳೆ ಪೆಟೂನಿಯದ ಒಂದು ಸಾಲು ಮಾತ್ರ ಮಾಸಲಾಗುತ್ತಿದ್ದಾಗ ಆ ಸಾಲಿನಲ್ಲಿ ರಿಡಕ್ಟೇಸ್ ವಂಶವಾಹಿ ಕೆಟ್ಟಿದೆಯೆಂದು ನಂಬಿ, ಅರಳಿದ ಹೂಗಳನ್ನು ಕಿತ್ತು ಅದರ ಚಟುವಟಿಕೆಯನ್ನು ಮೂರು ವಾರ ಅಳೆದೆ. ಎಲ್ಲ ಸಾಲುಗಳಲ್ಲೂ ಅಂಕಿ ಸೊನ್ನೆಯ ಆಸುಪಾಸಿನಲ್ಲೇ ಸಿಕ್ಕಿತು. ಸಿಗದೆ ಏನು, ಅರಳಿದ ಹೂವಿನಲ್ಲಿ ಆ ವಂಶವಾಹಿ ಮಲಗಿಯಾಗಿರುತ್ತದೆ. ಕೊನೆಗೊಂದು ರಾತ್ರಿ ಆ ಸಾಲಿನ ಕುಂಡಗಳ ಪಕ್ಕಕ್ಕೆ ಕೈಯೊಡ್ಡಿದಾಗ ಬಿಸಿಗಾಳಿಯ ಕೊಳವೆ ನೇರವಾಗಿ ಮೊಗ್ಗುಗಳ ಮೇಲೆ ಊದುತ್ತಿರುವುದು ಗೊತ್ತಾಯಿತು. ಕುಂಡಗಳನ್ನು ಅದಲು ಬದಲು ಮಾಡಿದಾಗ ದೋಷ ಗಿಡದ ಜೊತೆ ಹೋಗಲಿಲ್ಲ, ಜಾಗದಲ್ಲೇ ಉಳಿಯಿತು. ಅಂದಿನಿಂದ ನನ್ನ ಮೊದಲ ಪರೀಕ್ಷೆ ಅಳತೆಯಲ್ಲ, ಕುಂಡ ಬದಲಿಸುವುದು.

ಬೆಳಕಿನ ಕೊರತೆಯನ್ನೂ ಹೀಗೆಯೇ ಅಗ್ಗದಲ್ಲಿ ಪರೀಕ್ಷಿಸಬಹುದು. ಕತ್ತಲಲ್ಲಿ ಸಿಒಪಿ1 ಎಂಬ ಪ್ರೋಟೀನ್ ಬಣ್ಣಕ್ಕೆ ಅಪ್ಪಣೆ ಕೊಡುವ ಪ್ರೋಟೀನ್‌ಗಳಿಗೆ ನಾಶದ ಗುರುತು ಹಚ್ಚುತ್ತದೆ, ಬೆಳಕು ಬಿದ್ದಾಗ ಆ ಕೆಲಸ ನಿಲ್ಲುತ್ತದೆ. ಸಂಶೋಧಕರ ಮಾದರಿ ಸಸ್ಯವಾದ ಅರಬಿಡಾಪ್ಸಿಸ್ ಗಿಡದಲ್ಲಿ ಇದನ್ನು ವಿವರವಾಗಿ ತೋರಿಸಲಾಗಿದೆ. ಆದರೆ ಎಲ್ಲ ಹೂಗಳಿಗೂ ಮೊಗ್ಗಿನ ಮೇಲೆಯೇ ಬೆಳಕು ಬೀಳಬೇಕೆಂದಿಲ್ಲ. ಒಂದೇ ಗಿಡದ ಕೆಲವು ಮೊಗ್ಗುಗಳಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿ, ಉಳಿದವನ್ನು ಹಾಗೇ ಬಿಡಿ. ಸುತ್ತಿದವು ಮಾತ್ರ ಪೇಲವವಾದರೆ ಎಸಳಿಗೇ ಬೆಳಕು ಬೇಕು. ಎರಡೂ ಒಂದೇ ತೆರನಾಗಿ ಪೇಲವವಾಗಿದ್ದರೆ ಎಲೆಗಳಿಂದ ಬರುವ ಸಕ್ಕರೆ ಸಾಲುತ್ತಿಲ್ಲವೇ ಎಂದು ನೋಡಿ. ಮೊಗ್ಗಿನಲ್ಲೇ ಕತ್ತರಿಸಿ ಬರಿನೀರಿನಲ್ಲಿ ಅರಳಿಸಿದ ಹೂಗಳು ಸಪ್ಪೆಯಾಗುವುದಕ್ಕೂ ಸಕ್ಕರೆಯ ಕೊರತೆಯೇ ಕಾರಣ. ಅತಿಯಾದ ಸಾರಜನಕ ಕೂಡ ಬಣ್ಣವನ್ನು ತಗ್ಗಿಸುತ್ತದೆ. ಎಲೆ ಕಡುಹಸಿರಾಗಿ ಸೊಕ್ಕಿ ಬೆಳೆದು ಹೂ ಮಾತ್ರ ಮಂಕಾಗಿದ್ದರೆ ಗೊಬ್ಬರದ ಮೇಲಿನ ದೂರು ನ್ಯಾಯವಾದದ್ದೇ.

ಕೇಸರಗಳನ್ನು ಎಳೆಯ ಮೊಗ್ಗಿನಲ್ಲೇ ಕಿತ್ತು ಸಂಕರ ಮಾಡುವವರಿಗೆ ಒಂದು ಮಾತು. ಪೆಟೂನಿಯದಲ್ಲಿ ಹಾಗೆ ಕಿತ್ತರೆ ಎಸಳಿನ ಬೆಳವಣಿಗೆಯೂ ಬಣ್ಣವೂ ಕುಂಠಿತವಾಗುತ್ತವೆ, ಜಿಬ್ಬರೆಲಿನ್ ಎಂಬ ಸಸ್ಯ ಹಾರ್ಮೋನು ಕೊಟ್ಟರೆ ಮರಳುತ್ತವೆ. ಅಂಥ ಹೂಗಳ ಬಣ್ಣವನ್ನು ತಳಿಯ ಗುಣವೆಂದು ದಾಖಲಿಸಬಾರದು.

ಬಣ್ಣವಿದೆ, ಆದರೆ ಬೇರೆಯದು

ಕೆಂಪಾಗಬೇಕಿದ್ದುದು ನೇರಳೆಯಾಯಿತು, ನೀಲಿಯಾಗಬೇಕಿದ್ದುದು ಗುಲಾಬಿಯಾಯಿತು ಎಂಬ ದೂರುಗಳ ಹಿಂದೆ ಎರಡು ಬೇರೆ ಕಾರಣಗಳಿರುತ್ತವೆ: ವರ್ಣದ್ರವ್ಯವೇ ಬೇರೆಯಾಗಿರಬಹುದು, ಅಥವಾ ವರ್ಣದ್ರವ್ಯ ಅದೇ ಇದ್ದು ಅದರ ನೆರೆಹೊರೆ ಬದಲಾಗಿರಬಹುದು. ಇವನ್ನು ಬೇರ್ಪಡಿಸುವ ದಾರಿ ಸುಲಭ. ಸರಿಯಾದ ಎಸಳನ್ನೂ ತಪ್ಪಾದ ಎಸಳನ್ನೂ ಶೇಕಡಾ 1ರಷ್ಟು ಹೈಡ್ರೊಕ್ಲೋರಿಕ್ ಆಮ್ಲವಿರುವ ಮೆಥನಾಲಿನಲ್ಲಿ ಬೇರೆ ಬೇರೆಯಾಗಿ ನೆನೆಸಿಡಿ. ಆಮ್ಲದಲ್ಲಿ ಎರಡೂ ದ್ರಾವಣಗಳು ಒಂದೇ ಕೆಂಪಿಗೆ ಬಂದರೆ ಅಣು ಒಂದೇ ಆಗಿರುವ ಸಂಭವ ಹೆಚ್ಚು, ನೆರೆಹೊರೆಯನ್ನು ತನಿಖೆ ಮಾಡಿ. ಒಂದು ಕಿತ್ತಳೆಗೆಂಪಾಗಿಯೂ ಇನ್ನೊಂದು ನೇರಳೆಗೆಂಪಾಗಿಯೂ ಉಳಿದರೆ ಅಣುವೇ ಬೇರೆ.

ಅಣು ಬೇರೆಯಾಗುವುದು ಹೈಡ್ರಾಕ್ಸಿಲ್ ಗುಂಪುಗಳ ಎಣಿಕೆಯಿಂದ. ಅಣುವಿನ ಬಿ ಉಂಗುರದಲ್ಲಿ ಒಂದು ಗುಂಪಿದ್ದರೆ ಕಿತ್ತಳೆಗೆಂಪಿನ ಪೆಲಾರ್ಗೊನಿಡಿನ್, ಎರಡಿದ್ದರೆ ಕೆಂಪಿನ ಸಯನಿಡಿನ್, ಮೂರಿದ್ದರೆ ನೇರಳೆ ನೀಲಿಯ ಡೆಲ್ಫಿನಿಡಿನ್. ಎರಡನೆಯದನ್ನು ಸೇರಿಸುವುದು ಫ್ಲೇವನಾಯ್ಡ್ 3′-ಹೈಡ್ರಾಕ್ಸಿಲೇಸ್, ಮೂರಕ್ಕೆ ಮುಟ್ಟಿಸುವುದು 3′,5′-ಹೈಡ್ರಾಕ್ಸಿಲೇಸ್. ನೇರಳೆ ತಳಿಯಲ್ಲಿ ಕೆಂಪು ಹೂ ಬಂದರೆ 3′,5′-ಹೈಡ್ರಾಕ್ಸಿಲೇಸನ್ನು ಶಂಕಿಸಬೇಕು, ಆದರೆ ಅದೊಂದನ್ನೇ ಅಲ್ಲ: ಪೆಟೂನಿಯದಲ್ಲಿ ಈ ಕಿಣ್ವ ಪೂರ್ಣ ಬಲದಿಂದ ದುಡಿಯಲು ಸೈಟೋಕ್ರೋಮ್ ಬಿ5 ಎಂಬ ಸಹಾಯಕ ಪ್ರೋಟೀನ್ ಬೇಕು, ಸಹಾಯಕ ಇಲ್ಲದಾಗ ಕಿಣ್ವ ಇದ್ದೂ ನೇರಳೆ ತಗ್ಗುತ್ತದೆ. ಗುಲಾಬಿಗೆ 3′,5′-ಹೈಡ್ರಾಕ್ಸಿಲೇಸ್ ಸಹಜವಾಗಿ ಇಲ್ಲವೇ ಇಲ್ಲ. ಪ್ಯಾನ್ಸಿ ಹೂವಿನ ಆ ವಂಶವಾಹಿಯನ್ನು ಸೇರಿಸಿ ಮಾಡಿದ ಗುಲಾಬಿಯನ್ನು 2004ರಲ್ಲಿ ಪ್ರಕಟಿಸಿ 2009ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ತಂದರು. ಡೆಲ್ಫಿನಿಡಿನ್ ಬಂದರೂ ಬಣ್ಣ ನಸುನೇರಳೆಯಲ್ಲೇ ನಿಂತಿತು. ನೀಲಿಗೆ ಅಣುವೊಂದೇ ಸಾಲದೆಂಬುದಕ್ಕೆ ಇದಕ್ಕಿಂತ ನಿಚ್ಚಳವಾದ ಉದಾಹರಣೆ ಬೇಡ.

ಕಿಣ್ವದ ಆಯ್ಕೆಗಾರಿಕೆಯೂ ಬಣ್ಣವನ್ನು ತಿರುಗಿಸುತ್ತದೆ. ಪೆಟೂನಿಯದ ಡೈಹೈಡ್ರೊಫ್ಲೇವನಾಲ್ ರಿಡಕ್ಟೇಸ್ ಒಂದೇ ಹೈಡ್ರಾಕ್ಸಿಲ್ ಇರುವ ಡೈಹೈಡ್ರೊಕೆಂಪ್ಫೆರಾಲ್ ಎಂಬ ಡೈಹೈಡ್ರೊಫ್ಲೇವನಾಲನ್ನು ಮುಟ್ಟುವುದಿಲ್ಲ, ಆದ್ದರಿಂದ ಪೆಟೂನಿಯದಲ್ಲಿ ಪೆಲಾರ್ಗೊನಿಡಿನ್‌ನ ಕಿತ್ತಳೆ ಸಹಜವಾಗಿ ಬರುವುದಿಲ್ಲ. 1987ರಲ್ಲಿ ಮೆಕ್ಕೆಜೋಳದ ರಿಡಕ್ಟೇಸ್ ವಂಶವಾಹಿಯನ್ನು ಸೇರಿಸಿದಾಗ ಇಟ್ಟಿಗೆಗೆಂಪು ಹೂ ಬಂತು. ಮೂರು ದಶಕಗಳ ಮೇಲೆ, 2017ರಲ್ಲಿ, ಮಾರುಕಟ್ಟೆಯಲ್ಲಿದ್ದ ಕಿತ್ತಳೆ ಪೆಟೂನಿಯಗಳಲ್ಲಿ ಅದೇ ವಂಶವಾಹಿ ಇರುವುದು ಮೊದಲು ಫಿನ್ಲೆಂಡಿನಲ್ಲಿ ಪತ್ತೆಯಾಗಿ, ಹಲವು ದೇಶಗಳಲ್ಲಿ ಆ ತಳಿಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. ಬಣ್ಣವನ್ನು ಕಂಡೇ ಹುಟ್ಟಿದ ಅನುಮಾನ ಅದು.

ನೆರೆಹೊರೆಯ ವಿಷಯದಲ್ಲಿ ಮೊದಲು ನೋಡಬೇಕಾದದ್ದು ರಸದಾನಿಯ ಪಿಎಚ್, ಅಂದರೆ ಆಮ್ಲೀಯತೆಯ ಅಳತೆ; ಅಂಕಿ ಕಡಿಮೆಯಾದಷ್ಟೂ ಹುಳಿ ಹೆಚ್ಚು. ಒಂದೇ ಆಂಥೋಸಯನಿನ್ ಹೆಚ್ಚು ಆಮ್ಲದಲ್ಲಿ ಕೆಂಪಗೂ ಕಡಿಮೆ ಆಮ್ಲದಲ್ಲಿ ನೀಲಿಯತ್ತಲೂ ವಾಲುತ್ತದೆ. ಪೆಟೂನಿಯದಲ್ಲಿ ಪಿಎಚ್5 ಎಂಬ ಹೆಸರಿನ ಪ್ರೋಟಾನ್ ಪಂಪೂ ಅದಕ್ಕೆ ಬಲ ಕೊಡುವ ಪಿಎಚ್1 ಎಂಬ ಪ್ರೋಟೀನೂ ಕೂಡಿ ರಸದಾನಿಯನ್ನು ಹುಳಿಯಾಗಿ ಇಡುತ್ತವೆ. ಅವು ಕೆಟ್ಟರೆ ಕೆಂಪು ಹೂ ನೀಲಿ ಛಾಯೆಗೆ ಜಾರುತ್ತದೆ. ನೀಲಿ ಮಾರ್ನಿಂಗ್ ಗ್ಲೋರಿಯಲ್ಲಿ ಇದಕ್ಕೆ ತಿರುಗಾಮುರುಗಾ ನಡೆಯುತ್ತದೆ: ಮೊಗ್ಗಿನಲ್ಲಿ ಸುಮಾರು 6.6 ಇದ್ದ ಪಿಎಚ್ ಹೂ ಅರಳುವಾಗ 7.7ಕ್ಕೆ ಏರಿ ನೇರಳೆಗೆಂಪಿನ ಮೊಗ್ಗು ಆಕಾಶನೀಲಿಯಾಗುತ್ತದೆ. ಜಪಾನಿನ ಮಾರ್ನಿಂಗ್ ಗ್ಲೋರಿಯಲ್ಲಿ ಈ ಏರಿಕೆಗೆ ಬೇಕಾದ ಎನ್‌ಎಚ್‌ಎಕ್ಸ್1 ಎಂಬ ವಿನಿಮಯಕಾರಿ ಪ್ರೋಟೀನ್ ಕೆಟ್ಟ ತಳಿಗಳ ಹೂ ಅರಳಿದ ಮೇಲೂ ನೇರಳೆಯಲ್ಲೇ ಉಳಿಯುತ್ತದೆ. ಪರೀಕ್ಷೆಗೆ ಸರಿ ಹಾಗೂ ತಪ್ಪು ಎಸಳುಗಳನ್ನು ಒಂದೇ ತೂಕದಲ್ಲಿ ತೆಗೆದುಕೊಂಡು, ಒಂದೇ ಅಳತೆಯ ಶುದ್ಧ ನೀರಿನಲ್ಲಿ ಅರೆದು, ತಡಮಾಡದೆ ಪಿಎಚ್ ಮೀಟರಿನಲ್ಲಿ ಅದ್ದಬೇಕು. ಅಂಕಿಯ ನಿಖರತೆಗಿಂತ ಎರಡರ ನಡುವಿನ ಅಂತರ ಮುಖ್ಯ.

ಎರಡನೆಯದು ಲೋಹ. ಹೈಡ್ರೇಂಜಿಯದ ಬಣ್ಣದ ಭಾಗ ನಿಜವಾಗಿ ಎಸಳಲ್ಲ, ಪುಷ್ಪಪತ್ರ. ಆದರೂ ನಿದಾನಕ್ಕೆ ಅದು ಒಳ್ಳೆಯ ಪಾಠ. ಅಲ್ಲಿ ಗುಲಾಬಿ ಬಣ್ಣಕ್ಕೂ ನೀಲಿಗೂ ಇರುವ ಆಂಥೋಸಯನಿನ್ ಒಂದೇ. ಆಮ್ಲೀಯ ಮಣ್ಣಿನಲ್ಲಿ ಅಲ್ಯೂಮಿನಿಯಂ ಕರಗಿ ಬೇರಿಗೆ ಸಿಗುತ್ತದೆ, ಅದನ್ನು ಜೀವಕೋಶದೊಳಕ್ಕೂ ರಸದಾನಿಗೂ ದಾಟಿಸುವ ಪ್ರೋಟೀನ್‌ಗಳಿವೆ, ಅಲ್ಲಿ ಅದು ಆಂಥೋಸಯನಿನ್ ಮತ್ತೊಂದು ಬಣ್ಣರಹಿತ ಜೊತೆಗಾರ ಅಣುವಿನೊಡನೆ ಕೂಡಿ ನೀಲಿಯಾಗುತ್ತದೆ. ಮಣ್ಣು ಹುಳಿಯಾದರೆ ಹೂವಿನ ರಸವೂ ಹುಳಿಯಾಗಿ ಬಣ್ಣ ಬದಲಾಯಿತೆಂದು ಹೇಳುವವರಿದ್ದಾರೆ. ನಡೆಯುವುದು ಹಾಗಲ್ಲ, ನೀಲಿ ಕೋಶಗಳ ರಸ ಕೆಂಪು ಕೋಶಗಳದ್ದಕ್ಕಿಂತ ಕಡಿಮೆ ಹುಳಿ. ಕಾರ್ನ್‌ಫ್ಲವರ್‌ನ ಕಡುನೀಲಿ ಇನ್ನೂ ಸೋಜಿಗದ್ದು: ಕೆಂಪು ಗುಲಾಬಿಯ ಸಯನಿಡಿನ್ನೇ ಅಲ್ಲಿ ಕಬ್ಬಿಣ, ಮೆಗ್ನೀಸಿಯಂ, ಕ್ಯಾಲ್ಸಿಯಂಗಳ ಸುತ್ತ ಆರು ಅಣುಗಳಾಗಿ, ಆರು ಫ್ಲೇವೋನ್ ಅಣುಗಳ ಜೊತೆಗೂಡಿ ನೀಲಿಯಾಗಿ ನಿಂತಿದೆ. ಇಂಥ ಕೂಟಗಳು ಆಮ್ಲೀಯ ಮೆಥನಾಲಿನಲ್ಲಿ ಬಿಚ್ಚಿಹೋಗಿ ಕೆಂಪಾಗುವುದರಿಂದಲೇ ಮೇಲಿನ ನೆನೆಸುವ ಪರೀಕ್ಷೆ ಉಪಯೋಗಕ್ಕೆ ಬರುವುದು.

ಇಷ್ಟೆಲ್ಲ ಸರಿಯಿದ್ದೂ ಬಣ್ಣ ಸಪ್ಪೆಯೆನಿಸಿದರೆ ಎಸಳನ್ನು ಓರೆಬೆಳಕಿನಲ್ಲಿ ಮಸೂರದಿಂದ ನೋಡಿ. ಸ್ನ್ಯಾಪ್‌ಡ್ರ್ಯಾಗನ್‌ನಲ್ಲಿ ಮಿಕ್ಸ್ಟಾ ಎಂಬ ಎಂವೈಬಿ ಪ್ರೋಟೀನ್ ಎಸಳಿನ ಹೊರಪದರದ ಕೋಶಗಳನ್ನು ಶಂಕುವಿನಾಕಾರಕ್ಕೆ ಉಬ್ಬಿಸುತ್ತದೆ. ಅದು ಕೆಟ್ಟರೆ ಕೋಶಗಳು ಚಪ್ಪಟೆಯಾಗಿ, ಬೆಳಕು ಒಳಸೇರುವ ಬದಲು ಪ್ರತಿಫಲಿಸಿ, ವರ್ಣದ್ರವ್ಯ ಅಷ್ಟೇ ಇದ್ದರೂ ಮಖಮಲ್ಲಿನ ಗಾಢತೆ ಮಾಯವಾಗುತ್ತದೆ.

ಮಚ್ಚೆ, ಪಟ್ಟೆ, ಅರೆಬಣ್ಣ

ಇಲ್ಲಿ ಗೆರೆಯ ಅಂಚು ಎಲ್ಲವನ್ನೂ ಹೇಳುತ್ತದೆ. ಪ್ರತಿ ಹೂವಿನಲ್ಲೂ ಅದೇ ಜಾಗದಲ್ಲಿ ಅದೇ ಆಕಾರದಲ್ಲಿ ಬರುವ ಮಚ್ಚೆ ದೋಷವಲ್ಲ, ಎಂವೈಬಿ ಪ್ರೋಟೀನುಗಳು ಬರೆದ ಚಿತ್ತಾರ. ಹೂವಿನಿಂದ ಹೂವಿಗೆ ಬದಲಾಗುವ, ಅಂಚು ಚೂಪಾದ ಚುಕ್ಕೆಗಳು ಮತ್ತು ಬುಡದಿಂದ ತುದಿಗೆ ಅಗಲವಾಗುವ ಪಟ್ಟೆಗಳು ಬಂದರೆ, ವಂಶವಾಹಿಯೊಳಗೆ ಹೊಕ್ಕು ಕುಳಿತ ಜಿಗಿಯುವ ತುಣುಕೊಂದು ಕೆಲವು ಕೋಶಗಳಲ್ಲಿ ಹೊರಬೀಳುತ್ತಿದೆ ಎಂದರ್ಥ. ಬೇಗ ಹೊರಬಿದ್ದರೆ ಪಟ್ಟೆ ಅಗಲ, ತಡವಾಗಿ ಬಿದ್ದರೆ ಚುಕ್ಕೆ. ಸ್ನ್ಯಾಪ್‌ಡ್ರ್ಯಾಗನ್‌ನ ಟ್ಯಾಮ್3 ತುಣುಕು 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚುರುಕಾಗಿ ಜಿಗಿದು 25 ಡಿಗ್ರಿಯಲ್ಲಿ ಬಹುಮಟ್ಟಿಗೆ ಸುಮ್ಮನಿರುತ್ತದೆ, ಏಕೆಂದರೆ ಸೆಕೆಯಲ್ಲಿ ಅದನ್ನು ಜಿಗಿಸುವ ಪ್ರೋಟೀನ್ ಕೋಶಕೇಂದ್ರದೊಳಗೆ ಹೋಗುವುದಿಲ್ಲ. ಹಾಗಾಗಿ ತಂಪಿನಲ್ಲಿ ಚುಕ್ಕೆ ಹೆಚ್ಚಿ ಸೆಕೆಯಲ್ಲಿ ತಗ್ಗಿದರೆ ಅದು ಪರಿಸರದ ದೋಷದಂತೆ ಕಂಡರೂ ಮೂಲ ವಂಶವಾಹಿಯಲ್ಲಿದೆ.

ನಕ್ಷತ್ರದಂತೆ ಅಥವಾ ಅಂಚುಕಟ್ಟಿದಂತೆ ಬಿಳಿ ಬರುವ ಪೆಟೂನಿಯಗಳ ಕಥೆ ಬೇರೆ. ಅಲ್ಲಿ ಚಾಲ್ಕೋನ್ ಸಿಂಥೇಸ್ ವಂಶವಾಹಿ ನೆಟ್ಟಗಿದ್ದರೂ ಅದರ ಸಂದೇಶದ ಆರ್‌ಎನ್‌ಎಯನ್ನು ಬಿಳಿ ಭಾಗದ ಕೋಶಗಳು ತುಂಡರಿಸುತ್ತವೆ. 1990ರಲ್ಲಿ ಪೆಟೂನಿಯದ ಬಣ್ಣವನ್ನು ಗಾಢಗೊಳಿಸಲು ಇದೇ ವಂಶವಾಹಿಯ ಹೆಚ್ಚುವರಿ ಪ್ರತಿಯನ್ನು ಸೇರಿಸಿದಾಗ ಹೂಗಳು ಬಿಳಿಯಾಗಿಯೂ ಚಿತ್ತಾರವಾಗಿಯೂ ಬಂದದ್ದು ಈ ಮೌನಗೊಳಿಸುವಿಕೆಯ ಮೊದಲ ಸಾಕ್ಷಿಗಳಲ್ಲಿ ಒಂದು. ಇಂಥ ತಳಿಗಳಲ್ಲಿ ಚಿತ್ತಾರ ಬೆಳಕಿಗೂ ತಾಪಕ್ಕೂ ಹಿಗ್ಗಿ ಕುಗ್ಗುವುದು ಸಹಜ. ಬಿಳಿ ಭಾಗ ಇದ್ದಕ್ಕಿದ್ದಂತೆ ಬಣ್ಣ ತುಂಬಿಕೊಂಡರೆ ಮಾತ್ರ ಸಂತೋಷಪಡಬೇಡಿ: ಕೆಲವು ವೈರಾಣುಗಳ ಪ್ರೋಟೀನುಗಳು ಈ ಮೌನಗೊಳಿಸುವಿಕೆಯನ್ನೇ ಅಡಗಿಸುತ್ತವೆ, ಬಣ್ಣ ಮರಳಿದ್ದು ಸೋಂಕಿನ ಲಕ್ಷಣವಿರಬಹುದು. ಟ್ಯೂಲಿಪ್‌ಗಳಲ್ಲಿ ವೈರಾಣು ಬಣ್ಣವನ್ನು ಗರಿಗರಿಯಾಗಿ ಒಡೆಯುತ್ತದೆ. ಎರಡು ಸಂದರ್ಭದಲ್ಲೂ ಎಲೆಯ ಮೇಲೆ ಮಚ್ಚೆ ಸುರುಟು ಇದೆಯೇ ನೋಡಿ, ಗಿಡಹೇನುಗಳನ್ನು ಹುಡುಕಿ, ಶಂಕಿತ ಗಿಡವನ್ನು ದೂರವಿಡಿ.

ಅರ್ಧ ಹೂ ಒಂದು ಬಣ್ಣ, ಇನ್ನರ್ಧ ಇನ್ನೊಂದು ಬಣ್ಣವಾಗಿ ಕೊಂಬೆಯ ಒಂದೇ ಮಗ್ಗುಲಿಗೆ ಅಂಟಿಕೊಂಡಿದ್ದರೆ ಅದು ಒಂದು ಕೋಶಪದರದಲ್ಲಿ ಆದ ಉತ್ಪರಿವರ್ತನೆ. ಆ ಮಗ್ಗುಲಿನ ಕಣ್ಣನ್ನು ಕಸಿ ಮಾಡಿ ಪ್ರತ್ಯೇಕಿಸಬಹುದು, ಆದರೆ ಬೇರಿನಿಂದ ಹೊರಟ ಚಿಗುರು ಒಳಪದರದ ಹಳೆಯ ಬಣ್ಣವನ್ನೇ ತೋರಿಸೀತು.

ಹಳದಿಯ ತಕರಾರುಗಳು

ಬಿಳಿ ಸೇವಂತಿಗೆಯ ಗಿಡದಲ್ಲಿ ಹಳದಿ ಹೂ ಬಂದರೆ ಹೊಸ ಕಿಣ್ವವೊಂದು ಹುಟ್ಟಿತೆಂದು ಊಹಿಸುವುದು ಸಹಜ, ಆದರೆ ಆದದ್ದು ಅದಕ್ಕೆ ವಿರುದ್ಧ. ಬಿಳಿ ಸೇವಂತಿಗೆಯ ಎಸಳೂ ಕೆರೋಟಿನಾಯ್ಡ್ ತಯಾರಿಸಬಲ್ಲದು. ಸಿಸಿಡಿ4 ಎಂಬ ಸೀಳುವ ಕಿಣ್ವ ಅದನ್ನು ಒಡೆದುಹಾಕುತ್ತಿರುವುದರಿಂದ ಬಿಳಿ ಕಾಣುತ್ತದೆ. ಆ ಕಿಣ್ವ ಇಲ್ಲವಾದಾಗ ಹಳದಿ ಹೊರಬರುತ್ತದೆ. ಇದಕ್ಕೆ ಪರಿಹಾರ ಹುಡುಕುವ ಅಗತ್ಯವಿಲ್ಲ, ಆ ಕೊಂಬೆಯನ್ನು ಕತ್ತರಿಸಿ ನೆಟ್ಟರೆ ಹೊಸ ತಳಿ ಸಿಕ್ಕಂತೆ. ಕಾರ್ನೇಶನ್‌ನಲ್ಲಿ ಹಳದಿ ಬಂದರೆ ಕಾರಣ ಬೇರೆ: ಚಾಲ್ಕೋನ್ ಐಸೊಮರೇಸ್ ಕೈಕೊಟ್ಟು ಹಳದಿ ಚಾಲ್ಕೋನೇ ಸಕ್ಕರೆ ಕಟ್ಟಿಕೊಂಡು ಶೇಖರವಾಗಿರುತ್ತದೆ. ಮೊದಲಿನದು ನೀರಿಗೆ ಇಳಿಯುವುದಿಲ್ಲ, ಎರಡನೆಯದು ಇಳಿಯುತ್ತದೆ, ಆದ್ದರಿಂದ ಇವೆರಡನ್ನು ಬೇರ್ಪಡಿಸಲು ಅರೆಯುವ ಕಲ್ಲು ಸಾಕು.

ಅರಳಿದ ಮೇಲೆ ಕೆಡುವುದು

ಬ್ರನ್‌ಫೆಲ್ಸಿಯದ ಹೂ ನೇರಳೆಯಾಗಿ ಅರಳಿ ಎರಡು ಮೂರು ದಿನಗಳಲ್ಲಿ ಬಿಳಿಯಾಗುವುದು ಪೆರಾಕ್ಸಿಡೇಸ್ ಕಿಣ್ವವು ಆಂಥೋಸಯನಿನ್ನನ್ನು ಒಡೆಯುವುದರಿಂದ. ಅದು ಹೂವಿನ ಸ್ವಭಾವ. ಕೆಂಪು ಗುಲಾಬಿಯ ಎಸಳು ಬಾಡುತ್ತ ನೀಲಿಗಟ್ಟುವುದೂ ಸಾಮಾನ್ಯ: ಮುಪ್ಪಿನಲ್ಲಿ ಪ್ರೋಟೀನುಗಳು ಒಡೆದು ಅಮೋನಿಯಾ ಬಿಡುಗಡೆಯಾಗಿ ರಸದ ಹುಳಿ ತಗ್ಗುತ್ತದೆ. ಕೊಯ್ದ ಹೂವಿನಲ್ಲಿ ಇದು ಬೇಗ ಆಗುತ್ತಿದ್ದರೆ ಬಣ್ಣದ ಕಿಣ್ವಗಳನ್ನು ಬಿಟ್ಟು ನೀರು, ತಂಪು, ಸಕ್ಕರೆಗಳನ್ನು ನೋಡಿ.

ಅಳತೆಗೆ ಇಳಿಯುವಾಗ

ಇಷ್ಟಾದ ಮೇಲೂ ಒಂದೆರಡು ಪ್ರೋಟೀನ್‌ಗಳ ನಡುವೆ ತೀರ್ಮಾನ ಬಾಕಿಯಿದ್ದರೆ ಪ್ರಯೋಗಾಲಯಕ್ಕೆ ಹೋಗಬಹುದು. ಬಣ್ಣದ ಪ್ರಮಾಣಕ್ಕೆ 100 ಮಿಲಿಗ್ರಾಂ ಎಸಳನ್ನು 1 ಮಿಲಿಲೀಟರ್ ಆಮ್ಲೀಯ ಮೆಥನಾಲಿನಲ್ಲಿ ಕತ್ತಲೆಯಲ್ಲಿ, 4 ಡಿಗ್ರಿಯಲ್ಲಿ ರಾತ್ರಿಯಿಡೀ ನೆನೆಸಿ 530 ನ್ಯಾನೊಮೀಟರಿನ ಬೆಳಕನ್ನು ಅದು ಎಷ್ಟು ಹೀರುತ್ತದೆಂದು ಓದಬೇಕು. ಎಸಳಿನಲ್ಲಿ ಹಸಿರು ಉಳಿದಿದ್ದರೆ 657ರ ಓದಿನ ಕಾಲುಭಾಗವನ್ನು ಅದರಿಂದ ಕಳೆಯಬೇಕು. ವಂಶವಾಹಿಗಳ ಚಟುವಟಿಕೆ ಅಳೆಯಲು ಮಾದರಿಯನ್ನು ಕನಿಷ್ಠ ಮೂರು ವಯಸ್ಸಿನ ಮೊಗ್ಗುಗಳಿಂದ, ಸರಿ ಮತ್ತು ತಪ್ಪು ಗಿಡಗಳೆರಡರಿಂದಲೂ ದಿನದ ಒಂದೇ ಹೊತ್ತಿನಲ್ಲಿ ತೆಗೆಯಿರಿ. ಮೊಗ್ಗಿನ ವಯಸ್ಸನ್ನು ದಿನದಲ್ಲಿ ಹೇಳದೆ ಉದ್ದದಲ್ಲಿ ಹೇಳಿ, ಏಕೆಂದರೆ ಸೆಕೆಯಲ್ಲಿ ಬೆಳೆದ ಮೊಗ್ಗಿಗೆ ಐದು ದಿನವೆಂದರೆ ತಂಪಿನಲ್ಲಿ ಬೆಳೆದದ್ದಕ್ಕೆ ಅದೇ ಹಂತವಲ್ಲ.

ಫಲಿತಾಂಶ ಬಂದಾಗ ಮೊದಲು ನೋಡಬೇಕಾದದ್ದು ಎಷ್ಟು ವಂಶವಾಹಿಗಳು ಒಟ್ಟಿಗೆ ಕುಸಿದಿವೆ ಎಂಬುದನ್ನು. ರಿಡಕ್ಟೇಸ್, ಆಂಥೋಸಯನಿಡಿನ್ ಸಿಂಥೇಸ್, ಗ್ಲೈಕೊಸಿಲ್ ಟ್ರಾನ್ಸ್‌ಫರೇಸ್ ಮೂರೂ ಕುಸಿದಿದ್ದರೆ ಅಪ್ಪಣೆ ಕೊಡುವ ಕೂಟದಲ್ಲೇ ತೊಡಕಿದೆ. ಒಂದು ಮಾತ್ರ ಕುಸಿದಿದ್ದರೆ ಅದೇ ಕಳ್ಳ. ಯಾವುದೂ ಕುಸಿಯದೆ ಬಣ್ಣ ಮಾತ್ರ ಇಲ್ಲದಿದ್ದರೆ ಕಿಣ್ವದ ಪ್ರೋಟೀನು ತಯಾರಾಗಿಯೂ ನಿಷ್ಕ್ರಿಯವಾಗಿರಬಹುದು, ಅಥವಾ ಸಾಗಣೆ ಕೆಟ್ಟಿರಬಹುದು. ಆಗ ಊಡಿ ನೋಡುವ ಪರೀಕ್ಷೆಗೆ ಮರಳಿ, ಈ ಸಲ ಎಳೆಯ ಮೊಗ್ಗಿನ ಎಸಳಿನೊಂದಿಗೆ.